ವಯಸ್ಕ ವಿಕಲಚೇತನರ ಕಾನೂನುಬದ್ಧ ಪೋಷಕರು: ನೇಮಕ, ಕರ್ತವ್ಯ ಮತ್ತು ಲೆಕ್ಕಪತ್ರ

ಬೌದ್ಧಿಕ ವಿಕಲತೆಯುಳ್ಳ ಮಗನಿಗೆ ಅಥವಾ ಮಗಳಿಗೆ 18 ವರ್ಷ ತುಂಬಿದ ದಿನ ಮನೆಯಲ್ಲಿ ಯಾವ ಬದಲಾವಣೆಯೂ ಕಾಣುವುದಿಲ್ಲ. ತಾಯಿ ಎಂದಿನಂತೆ ಊಟ ಮಾಡಿಸುತ್ತಾಳೆ, ತಂದೆ ಎಂದಿನಂತೆ ಔಷಧಿ ತರುತ್ತಾನೆ. ಆದರೆ ಮಕ್ಕಳ ಪರವಾಗಿ ಸಹಿ ಮಾಡಲು ಕಾನೂನು ತಂದೆತಾಯಿಗೆ ನೀಡಿದ್ದ ಅಧಿಕಾರವು ಅಂದಿಗೆ ಮುಗಿಯುತ್ತದೆ. ಪೋಷಕತ್ವಕ್ಕೆ ಸಂಬಂಧಿಸಿದ 1890ರ ಕಾಯ್ದೆಯಾಗಲಿ, 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯಾಗಲಿ ಅಪ್ರಾಪ್ತ ವಯಸ್ಕರಿಗೆ ಮಾತ್ರ ಅನ್ವಯಿಸುತ್ತವೆ. ಈ ಸಂಗತಿಯು ಹೆಚ್ಚಿನ ಕುಟುಂಬಗಳ ಗಮನಕ್ಕೆ ಬರುವುದು ಹಲವು ವರ್ಷಗಳ ತರುವಾಯ, ಬ್ಯಾಂಕಿನ ಕೌಂಟರಿನ ಮುಂದೆಯೋ ಪೌತಿ ಖಾತೆಯ ಅರ್ಜಿ ಹಿಡಿದು ನಾಡಕಚೇರಿಯಲ್ಲಿಯೋ ನಿಂತಾಗ.

ಗೊಂದಲಕ್ಕೆ ನಮ್ಮ ಭಾಷೆಯೂ ಸ್ವಲ್ಪ ಕಾರಣವಾಗಿದೆ. ಶಾಲೆಯ ಅರ್ಜಿಯಲ್ಲಿ ‘ಪೋಷಕರ ಸಹಿ’ ಎಂದಿದ್ದರೆ ತಂದೆ ಅಥವಾ ತಾಯಿ ಸಹಿ ಮಾಡುತ್ತಾರೆ. ಪೋಷಕರೆಂದರೆ ಹೆತ್ತವರು ಎಂಬುದು ಬಳಕೆಯ ಅರ್ಥ. ಕಾನೂನಿನಲ್ಲಿ ಪೋಷಕ ಎಂಬುದು ಒಂದು ನೇಮಕಾತಿ. ಅದಕ್ಕೆ ಅರ್ಜಿಯಿದೆ, ಆದೇಶವಿದೆ, ಆಸ್ತಿ ಪಟ್ಟಿಯಿದೆ, ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುವ ಬಾಧ್ಯತೆಯಿದೆ, ತಪ್ಪಿದರೆ ತೆಗೆದುಹಾಕುವ ವಿಧಾನವೂ ಇದೆ. ಹೆತ್ತ ತಾಯಿಯಾದರೂ ಈ ಕ್ರಮದಿಂದ ಹೊರತಲ್ಲ. ಗ್ರಾಮ ಪಂಚಾಯಿತಿಯ ಸದಸ್ಯರು, ಸಿಬ್ಬಂದಿ ಹಾಗೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇಂತಹ ಕುಟುಂಬಗಳಿಗೆ ಮಾಹಿತಿ ನೀಡುವಾಗ ಅರ್ಜಿ ನಮೂನೆಯನ್ನು ಕೈಗಿತ್ತು ಕಳುಹಿಸಿದರೆ ಸಾಲದು. ಪೋಷಕರಾದವರು ಮುಂದೆ ಏನು ಮಾಡಬೇಕಾಗುತ್ತದೆ ಎಂಬುದನ್ನೂ ಅವರಿಗೆ ತಿಳಿಸಬೇಕಾಗುತ್ತದೆ. ಈ ಲೇಖನದ ಹೆಚ್ಚಿನ ಭಾಗ ಅದಕ್ಕೇ ಮೀಸಲಾಗಿದೆ.

ಯಾರಿಗೆ ಯಾವ ಕಾಯ್ದೆ

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ ಮತ್ತು ಬಹುವಿಧ ವಿಕಲತೆ – ಈ ನಾಲ್ಕು ವರ್ಗಗಳಿಗೆ ಸೇರಿದ, 18 ವರ್ಷ ಮೀರಿದವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಪೋಷಕರನ್ನು ನೇಮಿಸಲು ಅವಕಾಶವಿದೆ. ನೇಮಿಸುವ ಅಧಿಕಾರವು ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಸೇರಿದೆ. ಜಿಲ್ಲಾಧಿಕಾರಿಯವರು, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ ಹಾಗೂ ಒಬ್ಬ ವಿಕಲಚೇತನ ವ್ಯಕ್ತಿ ಈ ಸಮಿತಿಯಲ್ಲಿರುತ್ತಾರೆ. ನ್ಯಾಯಾಲಯಕ್ಕೆ ಅಲೆಯದೆ, ವಕೀಲರ ಶುಲ್ಕವಿಲ್ಲದೆ ಜಿಲ್ಲಾ ಕೇಂದ್ರದಲ್ಲಿಯೇ ಕೆಲಸವಾಗಲೆಂಬುದು ಈ ವ್ಯವಸ್ಥೆಯ ಉದ್ದೇಶ.

ಉಳಿದ ವಿಕಲತೆಗಳುಳ್ಳವರಿಗೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 14ನೇ ಕಲಂ ಅನ್ವಯ ಜಿಲ್ಲಾ ನ್ಯಾಯಾಲಯ ಅಥವಾ ರಾಜ್ಯ ಸರ್ಕಾರ ಅಧಿಸೂಚಿಸಿದ ಪ್ರಾಧಿಕಾರವು ಸೀಮಿತ ಪೋಷಕರನ್ನು ನೀಡಬಹುದು. ಮಾನಸಿಕ ಅಸ್ವಸ್ಥತೆಗೆ ಸಂಬಂಧಿಸಿದ 2017ರ ಕಾಯ್ದೆಯಲ್ಲಿ ‘ನಾಮನಿರ್ದೇಶಿತ ಪ್ರತಿನಿಧಿ’ ಎಂಬ ಸ್ಥಾನವಿದೆಯಾದರೂ ಅದು ಚಿಕಿತ್ಸೆಗೆ ಸಂಬಂಧಿಸಿದ್ದು. ಆಸ್ತಿಯ ವ್ಯವಹಾರಕ್ಕೆ ಅದನ್ನು ಬಳಸಲಾಗದು.

ಪಾರ್ಶ್ವವಾಯು ಅಥವಾ ಅಪಘಾತದಿಂದ ಪ್ರಜ್ಞಾಹೀನ ಸ್ಥಿತಿಯಲ್ಲಿರುವವರ ಕುಟುಂಬದವರೂ ಪಂಚಾಯಿತಿಗೆ ಬರುವುದುಂಟು. ಅವರ ಕೈಯಲ್ಲಿ ಅನೇಕ ವೇಳೆ ಹಿಂದೆ ಬರೆಸಿಟ್ಟ ಸಾಮಾನ್ಯ ಅಧಿಕಾರ ಪತ್ರ, ಅಂದರೆ ಜಿ.ಪಿ.ಎ. ಇರುತ್ತದೆ. ಅಧಿಕಾರ ಕೊಟ್ಟ ವ್ಯಕ್ತಿಯು ಬುದ್ಧಿಸ್ವಾಸ್ಥ್ಯ ಕಳೆದುಕೊಂಡರೆ ಆ ಅಧಿಕಾರವೂ ಅಲ್ಲಿಗೆ ಕೊನೆಗೊಳ್ಳುತ್ತದೆ ಎಂಬುದು 1872ರ ಕರಾರು ಕಾಯ್ದೆಯ 201ನೇ ಕಲಮಿನ ನಿಯಮ. ಪತ್ರ ಅತ್ಯಂತ ಅಗತ್ಯವಾದ ಸಮಯದಲ್ಲಿಯೇ ಅದು ನಿರುಪಯುಕ್ತವಾಗುತ್ತದೆ. ಪ್ರಜ್ಞಾಹೀನ ಸ್ಥಿತಿಯಲ್ಲಿರುವವರಿಗೆ ಪೋಷಕರನ್ನು ನೇಮಿಸುವ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಸಂವಿಧಾನದ 226ನೇ ಅನುಚ್ಛೇದದಡಿ ಉಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಸಲ್ಲಿಸುವುದೇ ಅವರಿಗಿರುವ ದಾರಿ. ಇಂತಹ ಅರ್ಜಿಗಳಲ್ಲಿ ಅನುಸರಿಸಬೇಕಾದ ಕ್ರಮವನ್ನು ಕೇರಳ ಉಚ್ಚ ನ್ಯಾಯಾಲಯವು 2019ರಲ್ಲಿ ವಿವರವಾಗಿ ರೂಪಿಸಿದೆ. ಈ ಕುಟುಂಬಗಳನ್ನು ಜಿಲ್ಲಾ ಸಮಿತಿಗೆ ಕಳುಹಿಸಿ ಎರಡು ಮೂರು ತಿಂಗಳು ವ್ಯರ್ಥ ಮಾಡಿಸುವ ಬದಲು, ಮೊದಲ ದಿನವೇ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣುವಂತೆ ಹೇಳುವುದು ಒಳಿತು.

ಪೋಷಕರು ನಿಜವಾಗಿ ಬೇಕೇ?

ನ್ಯಾಷನಲ್ ಟ್ರಸ್ಟ್ ಕಾಯ್ದೆಯ 14ನೇ ಕಲಂ ಪ್ರಕಾರ ಸಮಿತಿಯು ಎರಡು ವಿಷಯಗಳನ್ನು ಪರಿಶೀಲಿಸತಕ್ಕದ್ದು: ಈ ವ್ಯಕ್ತಿಗೆ ಪೋಷಕರ ಅಗತ್ಯವಿದೆಯೇ, ಇದ್ದರೆ ಯಾವ ಉದ್ದೇಶಕ್ಕಾಗಿ? ವ್ಯವಹಾರದಲ್ಲಿ ಈ ಪ್ರಶ್ನೆಗಳನ್ನು ಹಾರಿಸಿ ಮುಂದೆ ಹೋಗುವುದೇ ಹೆಚ್ಚು. ವಿಕಲಚೇತನರ ಪ್ರಮಾಣಪತ್ರ ಇದೆ ಎಂದ ಮಾತ್ರಕ್ಕೆ ಪೋಷಕತ್ವದ ಪ್ರಮಾಣಪತ್ರವೂ ಇರಬೇಕೆಂದು ಕೆಲವು ಕಚೇರಿಗಳು ಭಾವಿಸುತ್ತವೆ.

ನಮ್ಮ ಪಂಚಾಯಿತಿ ವ್ಯಾಪ್ತಿಯ ಯುವತಿಯೊಬ್ಬರಿಗೆ ಸೆರೆಬ್ರಲ್ ಪಾಲ್ಸಿ ಇದೆ. ಮಾತು ಕಷ್ಟ, ಕೈ ನಡುಗುತ್ತದೆ, ಲೇಖನಿ ಹಿಡಿಯಲಾಗದು. ಆದರೆ ಅವರು ದ್ವಿತೀಯ ಪಿ.ಯು.ಸಿ. ಮುಗಿಸಿದ್ದಾರೆ, ತಮ್ಮ ಮನೆಯ ನೀರಿನ ಕರದ ಬಾಕಿ ಎಷ್ಟೆಂಬುದು ನಮ್ಮ ಕರ ವಸೂಲಿಗಾರರಿಗಿಂತ ಚೆನ್ನಾಗಿ ಅವರಿಗೆ ಗೊತ್ತು. ಖಾತೆ ತೆರೆಯಲು ಹೋದಾಗ ಬ್ಯಾಂಕಿನ ಶಾಖೆಯೊಂದು ಪೋಷಕತ್ವದ ಆದೇಶ ತರುವಂತೆ ತಿಳಿಸಿತು. ಅವರಿಗೆ ಸಹಿ ಮಾಡಲು ಬಾರದೇ ಹೊರತು ನಿರ್ಧಾರ ಮಾಡಲು ಬಾರದೆಂದಲ್ಲ. ಸಹಿ ಮಾಡಲಾಗದ ಅಶಕ್ತ ಖಾತೆದಾರರು ಸಾಕ್ಷಿಗಳ ಸಮಕ್ಷಮದಲ್ಲಿ ಹೆಬ್ಬೆರಳಿನ ಗುರುತು, ಅದೂ ಸಾಧ್ಯವಿಲ್ಲದಿದ್ದರೆ ಕಾಲ್ಬೆರಳಿನ ಗುರುತು ಹಾಕಿ ವ್ಯವಹರಿಸಲು ಭಾರತೀಯ ರಿಸರ್ವ್ ಬ್ಯಾಂಕಿನ ಸೂಚನೆಗಳಲ್ಲಿ ಅವಕಾಶವಿದೆ. ಅದನ್ನು ಲಿಖಿತವಾಗಿ ತೋರಿಸಿದ ನಂತರ ಖಾತೆ ತೆರೆಯಲಾಯಿತು. ಆ ಯುವತಿಗೆ ಪೋಷಕರ ನೇಮಕವಾಗಿದ್ದಿದ್ದರೆ, ತಮ್ಮ ಹೆಸರಿನ ಹಣವನ್ನು ತಾವೇ ತೆಗೆಯುವ ಹಕ್ಕು ಯಾವ ಕಾರಣವೂ ಇಲ್ಲದೆ ಬೇರೊಬ್ಬರ ಕೈಗೆ ಹೋಗುತ್ತಿತ್ತು.

2016ರ ಕಾಯ್ದೆಯು ಈ ವಿಷಯದಲ್ಲಿ ದೊಡ್ಡ ಬದಲಾವಣೆ ತಂದಿದೆ. 2007ರಲ್ಲಿ ಭಾರತವು ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಅನುಗುಣವಾಗಿ, ವಿಕಲಚೇತನರು ಇತರರಿಗೆ ಸಮಾನವಾದ ಕಾನೂನು ಸಾಮರ್ಥ್ಯ ಹೊಂದಿದ್ದಾರೆ ಎಂದು ಅದರ 13ನೇ ಕಲಂ ಹೇಳುತ್ತದೆ. ಮೊದಲು ಬೆಂಬಲ ಒದಗಿಸಬೇಕು: ಓದಿ ಹೇಳುವುದು, ಸರಳವಾಗಿ ವಿವರಿಸುವುದು, ಚಿತ್ರ ತೋರಿಸುವುದು, ಸಮಯ ಕೊಡುವುದು. ಇಷ್ಟಾದರೂ ಕಾನೂನಾತ್ಮಕ ನಿರ್ಧಾರ ಕೈಗೊಳ್ಳಲು ಆ ವ್ಯಕ್ತಿಗೆ ಸಾಧ್ಯವಾಗದಿದ್ದರೆ ಮಾತ್ರ, ನಿರ್ದಿಷ್ಟ ಅವಧಿಗೆ, ನಿರ್ದಿಷ್ಟ ನಿರ್ಧಾರಕ್ಕೆ ಸೀಮಿತ ಪೋಷಕರು. ಆ ಪೋಷಕರೂ ಆ ವ್ಯಕ್ತಿಯೊಡನೆ ಸಮಾಲೋಚಿಸಿ, ಅವರ ಇಚ್ಛೆಗೆ ಅನುಗುಣವಾಗಿ ನಡೆಯತಕ್ಕದ್ದು. ಇತರ ಯಾವುದೇ ಕಾಯ್ದೆಯಡಿ ನೇಮಕವಾದ ಪೋಷಕರನ್ನೂ ಸೀಮಿತ ಪೋಷಕರೆಂದೇ ಪರಿಗಣಿಸತಕ್ಕದ್ದೆಂದು 14ನೇ ಕಲಮಿನ 2ನೇ ಉಪಕಲಂ ಹೇಳುವುದರಿಂದ, ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಆದೇಶ ಪಡೆದವರಿಗೂ ಇದೇ ಶಿಸ್ತು ಅನ್ವಯಿಸುತ್ತದೆ. ‘ಆದೇಶ ನನ್ನ ಹೆಸರಿಗಿದೆ, ಇನ್ನು ಅವನನ್ನು ಕೇಳುವುದೇನಿದೆ’ ಎಂಬ ಮಾತಿಗೆ ಕಾನೂನಿನಲ್ಲಿ ಆಧಾರವಿಲ್ಲ.

ಸುಚಿತಾ ಶ್ರೀವಾಸ್ತವ ಪ್ರಕರಣದಲ್ಲಿ 2009ರಲ್ಲಿಯೇ ಸುಪ್ರೀಂ ಕೋರ್ಟ್ ಈ ದಿಕ್ಕಿನಲ್ಲಿ ತೀರ್ಪು ನೀಡಿತ್ತು. ಚಂಡೀಗಢದ ಸರ್ಕಾರಿ ಪಾಲನಾ ಸಂಸ್ಥೆಯಲ್ಲಿದ್ದ, ಬೌದ್ಧಿಕ ವಿಕಲತೆಯುಳ್ಳ ಮಹಿಳೆಯ ಗರ್ಭಪಾತಕ್ಕೆ ಉಚ್ಚ ನ್ಯಾಯಾಲಯವು ಆದೇಶಿಸಿತ್ತು. ಆಕೆ ಮಗುವನ್ನು ಬಯಸಿದ್ದಳು. ಆಕೆಯ ಸಮ್ಮತಿಯಿಲ್ಲದೆ ಆಡಳಿತವು ಆಕೆಯ ಪರವಾಗಿ ಅಂತಹ ನಿರ್ಧಾರ ಕೈಗೊಳ್ಳಲಾಗದೆಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು.

ಹಾಗೆಂದು ಪೋಷಕರೇ ಬೇಡವೆಂದು ಹೇಳುವುದು ಗ್ರಾಮೀಣ ವಾಸ್ತವಕ್ಕೆ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ನಿವೃತ್ತ ನೌಕರರ ಮಗನಿಗೆ ಕುಟುಂಬ ಪಿಂಚಣಿ ಬರಬೇಕಾದಾಗ, ತಂದೆಯ ಮರಣಾನಂತರ ಜಮೀನು ಪಾಲಾಗುವಾಗ, ಹಣದ ಪರಿಕಲ್ಪನೆಯೇ ಇಲ್ಲದ ವ್ಯಕ್ತಿಯ ಪರವಾಗಿ ಹೊಣೆ ಹೊತ್ತ ಒಬ್ಬರು ಇಲ್ಲದೇ ಹೋದರೆ ಆ ಪಾಲು ಹೊಣೆಯೇ ಇಲ್ಲದವರ ವಶವಾಗುತ್ತದೆ.

ಅರ್ಜಿ ಮತ್ತು ಅರ್ಹತೆ

ಅರ್ಜಿ ನಮೂನೆ ‘ಎ’ಯಲ್ಲಿ, ನೇಮಕಾತಿ ಆದೇಶ ನಮೂನೆ ‘ಬಿ’ಯಲ್ಲಿ. ತಂದೆತಾಯಿ ಜಂಟಿಯಾಗಿ ಅರ್ಜಿ ಸಲ್ಲಿಸುವುದು ಕ್ರಮ. ಮರಣ, ವಿಚ್ಛೇದನ, ಪರಿತ್ಯಾಗ ಮುಂತಾದ ಸಂದರ್ಭಗಳಲ್ಲಿ ಒಬ್ಬರೇ ಸಲ್ಲಿಸಬಹುದು. ಇಬ್ಬರೂ ಇಲ್ಲದಿದ್ದರೆ ಒಡಹುಟ್ಟಿದವರು, ಅವರೂ ಮುಂದೆ ಬಾರದಿದ್ದರೆ ಇತರ ಸಂಬಂಧಿಕರು. ನೋಂದಾಯಿತ ಸಂಸ್ಥೆಯೂ ಅರ್ಜಿ ಸಲ್ಲಿಸಬಹುದು. ಪೋಷಕರಾಗುವವರು ಭಾರತದ ಪ್ರಜೆಯಾಗಿರಬೇಕು. ಅಪರಾಧಕ್ಕಾಗಿ ಶಿಕ್ಷೆಗೊಳಗಾಗಿರಬಾರದು, ದಿವಾಳಿಯೆಂದು ಘೋಷಿತರಾಗಿರಬಾರದು, ತಮ್ಮ ಜೀವನಕ್ಕೆ ಬೇರೆಯವರನ್ನು ಅವಲಂಬಿಸಿರುವ ನಿರ್ಗತಿಕರಾಗಿರಬಾರದು. ಮಹಿಳೆಯೊಬ್ಬರಿಗೆ ಒಂಟಿ ಪುರುಷನನ್ನು ಪೋಷಕನನ್ನಾಗಿ ನೇಮಿಸುವಂತಿಲ್ಲ. ವಿವಾಹಿತ ಪುರುಷನಾದರೆ ಪತ್ನಿಯೊಡನೆ ಜಂಟಿಯಾಗಿ ಮಾತ್ರ. ಈ ನಿಯಮವನ್ನು ತಿಳಿಸಿದಾಗ ಕೆಲವು ಅಣ್ಣತಮ್ಮಂದಿರು ಬೇಸರಪಡುತ್ತಾರೆ. ಆದರೂ ನಿಯಮ ನಿಯಮವೇ.

ಜನ್ಮ ದಿನಾಂಕದ ದಾಖಲೆ, ಯು.ಡಿ.ಐ.ಡಿ. ಕಾರ್ಡು, ವಾಸಸ್ಥಳದ ದಾಖಲೆ, ಭಾವಚಿತ್ರಗಳು ಮತ್ತು ಆಸ್ತಿಯಿದ್ದಲ್ಲಿ ಅದರ ದಾಖಲೆಗಳನ್ನು ಸಿದ್ಧಪಡಿಸಿಕೊಂಡು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು. ಸಮಿತಿಯು ಕನಿಷ್ಠ ಮೂರು ತಿಂಗಳಿಗೊಮ್ಮೆ ಸಭೆ ಸೇರಬೇಕೆಂದು ಕಾಯ್ದೆಯಲ್ಲಿದೆ. ಆದ್ದರಿಂದ ಒಂದು ದಾಖಲೆಯ ಕೊರತೆಯಿಂದ ಅರ್ಜಿ ಹಿಂದೆ ಬಂದರೆ ಕುಟುಂಬವು ಮತ್ತೊಂದು ತ್ರೈಮಾಸಿಕ ಕಾಯಬೇಕಾದೀತು. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿಯನ್ನು ಪಂಚಾಯಿತಿಯಲ್ಲಿಯೇ ಒಮ್ಮೆ ಪರಿಶೀಲಿಸಿ ಕಳುಹಿಸುವುದರಿಂದ ಈ ಅಲೆದಾಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಮೊದಲ ಆರು ತಿಂಗಳು

ಆದೇಶ ಕೈಗೆ ಬಂದ ಕೂಡಲೇ ಹೆಚ್ಚಿನವರು ಅದನ್ನು ಬ್ಯಾಂಕಿಗೆ ಕೊಟ್ಟು, ಒಂದು ಪ್ರತಿಯನ್ನು ಪೆಟ್ಟಿಗೆಯಲ್ಲಿಟ್ಟು ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಪೋಷಕರ ಕೆಲಸ ಆರಂಭವಾಗುವುದೇ ಅಲ್ಲಿಂದ. ಕಾಯ್ದೆಯ 16ನೇ ಕಲಂ ಪ್ರಕಾರ ನೇಮಕವಾದ ಆರು ತಿಂಗಳೊಳಗೆ, ಪೋಷಿತ ವ್ಯಕ್ತಿಯ ಎಲ್ಲ ಸ್ಥಿರ ಮತ್ತು ಚರ ಆಸ್ತಿಯ ಪಟ್ಟಿಯನ್ನು, ಅವರಿಗೆ ಬರಬೇಕಾದ ಬಾಕಿ ಹಾಗೂ ಅವರು ತೀರಿಸಬೇಕಾದ ಸಾಲದ ವಿವರಗಳೊಡನೆ ನಮೂನೆ ‘ಸಿ’ಯಲ್ಲಿ ಸಮಿತಿಗೆ ಸಲ್ಲಿಸತಕ್ಕದ್ದು.

ಆಸ್ತಿಯೇ ಇಲ್ಲವೆಂದು ಹೇಳುವ ಮನೆಗಳಲ್ಲಿಯೂ ಕುಳಿತು ವಿಚಾರಿಸಿದರೆ ಪಟ್ಟಿ ಬೆಳೆಯುತ್ತದೆ. ಪಹಣಿಯಲ್ಲಿ ಜಂಟಿ ಹೆಸರು, ಇ-ಸ್ವತ್ತಿನಲ್ಲಿ ಮನೆಯ ಖಾತೆಯ ಪಾಲು, ಮಾಸಾಶನ ಜಮೆಯಾಗುವ ಅಂಚೆ ಅಥವಾ ಬ್ಯಾಂಕ್ ಖಾತೆ, ಅಜ್ಜಿ ಕೊಟ್ಟ ಓಲೆ, ಇಲಾಖೆಯಿಂದ ಬಂದ ಗಾಲಿಕುರ್ಚಿ, ಅವರ ಹೆಸರಿನಲ್ಲಿ ಸಾಕಿದ ಹಸು – ಎಲ್ಲವೂ ಪಟ್ಟಿಗೆ ಸೇರುತ್ತವೆ. ಕಾಮಗಾರಿಯ ಮೊದಲ ಅಳತೆಯನ್ನು ಅಳತೆ ಪುಸ್ತಕದಲ್ಲಿ ದಾಖಲಿಸದಿದ್ದರೆ ಮುಂದಿನ ಎಲ್ಲ ಬಿಲ್ಲುಗಳೂ ವಿವಾದಕ್ಕೀಡಾಗುವುದನ್ನು ನಮ್ಮ ಕಿರಿಯ ಎಂಜಿನಿಯರುಗಳು ಬಲ್ಲರು. ಪೋಷಕರಿಗೆ ಈ ಪಟ್ಟಿಯೇ ಮೊದಲ ಅಳತೆ. ಹತ್ತು ವರ್ಷಗಳ ನಂತರ ಸಂಬಂಧಿಕರೊಬ್ಬರು ‘ಅವನ ಓಲೆ ಎಲ್ಲಿ ಹೋಯಿತು’ ಎಂದು ಕೇಳಿದಾಗ ಪ್ರಾಮಾಣಿಕ ಪೋಷಕರನ್ನು ಕಾಪಾಡುವುದು ಈ ಒಂದು ಹಾಳೆ.

ಜಮೀನಿನ ಪಾಲು ಮತ್ತು ಹಕ್ಕು ಬಿಡುಗಡೆ ಪತ್ರ

ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಪಂಚಾಯಿತಿಗಳು ಅತ್ಯಂತ ಹತ್ತಿರದಿಂದ ಕಾಣುವ ಅನ್ಯಾಯ ಇದೇ. ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಂ ಪ್ರಕಾರ ಯಾವುದೇ ರೋಗ, ನ್ಯೂನತೆ ಅಥವಾ ಅಂಗವೈಕಲ್ಯದ ಕಾರಣಕ್ಕೆ ಯಾರನ್ನೂ ಉತ್ತರಾಧಿಕಾರದಿಂದ ಹೊರಗಿಡುವಂತಿಲ್ಲ. ಆದರೂ ವಂಶವೃಕ್ಷದ ಅರ್ಜಿಯಲ್ಲಿ ‘ಬುದ್ಧಿಯಿಲ್ಲದವನು’ ಎಂದು ಹೆಸರನ್ನೇ ಬಿಡುವುದು, ಮಹಜರಿಗೆ ನೆರೆಹೊರೆಯವರು ಯೋಚಿಸದೆ ಸಹಿ ಹಾಕುವುದು ಇಂದಿಗೂ ನಡೆದಿದೆ.

ಒಂದು ಗ್ರಾಮದಲ್ಲಿ ತಂದೆ ತೀರಿಕೊಂಡ ನಂತರ 4 ಎಕರೆ ಸ್ವಯಾರ್ಜಿತ ಜಮೀನು ತಾಯಿ, ಇಬ್ಬರು ಗಂಡುಮಕ್ಕಳು ಮತ್ತು ಮಗಳಿಗೆ ತಲಾ ಒಂದು ಎಕರೆಯಂತೆ ಬರಬೇಕಿತ್ತು. ಕಿರಿಯ ಮಗನಿಗೆ ಬೌದ್ಧಿಕ ವಿಕಲತೆ. ವಯಸ್ಸು ಮೂವತ್ತು ದಾಟಿದೆ. ಹಿರಿಯ ಮಗ ಕೆಟ್ಟವನಲ್ಲ. ತಮ್ಮನಿಗೆ ಅನ್ನ ಹಾಕುತ್ತಿದ್ದವನು ಅವನೇ. ‘ಅವನಿಗೇಕೆ ಜಮೀನು? ಹೇಗಿದ್ದರೂ ನೋಡಿಕೊಳ್ಳುವವನು ನಾನೇ ಅಲ್ಲವೇ?’ ಎಂಬುದು ಅವನ ವಾದ. ತಮ್ಮನ ಹೆಬ್ಬೆಟ್ಟು ಹಾಕಿಸಿ ಹಕ್ಕು ಬಿಡುಗಡೆ ಪತ್ರ ಮಾಡಿಸಲು ದಿನ ಗೊತ್ತುಪಡಿಸಿಯೂ ಆಗಿತ್ತು. ತಾಯಿ ಈ ಮಾತನ್ನು ವಿಕಲಚೇತನರ ವಿಶೇಷ ಗ್ರಾಮ ಸಭೆಯಲ್ಲಿ ಹಿಂಜರಿಯುತ್ತಲೇ ಎತ್ತಿದರು.

ತಾನು ಸಹಿ ಹಾಕುತ್ತಿರುವ ಪತ್ರವೇನು, ಅದರ ಪರಿಣಾಮವೇನು ಎಂದು ತಿಳಿಯಲಾಗದ ವ್ಯಕ್ತಿಯ ಕರಾರು ಕರಾರೇ ಅಲ್ಲವೆಂದು ಕರಾರು ಕಾಯ್ದೆ ಹೇಳುತ್ತದೆ. ಅಂತಹ ಪತ್ರದ ಆಧಾರದಲ್ಲಿ ಪಡೆದ ಖಾತೆ ಎಂದಾದರೂ ಪ್ರಶ್ನೆಗೆ ಒಳಗಾಗಬಹುದು, ಬಿಡಿಸಿಕೊಂಡವನಿಗೂ ನೆಮ್ಮದಿಯಿಲ್ಲ. ಇದನ್ನು ಹಿರಿಯ ಮಗನಿಗೆ ಸಭೆಯ ಹೊರಗೆ, ಅವನ ಮರ್ಯಾದೆಗೆ ಕುಂದಾಗದಂತೆ ವಿವರಿಸಲಾಯಿತು. ನಾಲ್ವರ ಹೆಸರಿಗೂ ಪೌತಿ ಖಾತೆಯಾಗಿ, ತಾಯಿ ಕಾನೂನುಬದ್ಧ ಪೋಷಕರಾಗಿ ನೇಮಕಗೊಂಡರು. ಕಿರಿಯ ಮಗನ ಒಂದು ಎಕರೆಯನ್ನು ಅಣ್ಣನೇ ಉಳುತ್ತಾನೆ, ಗುತ್ತಿಗೆಯ ಹಣವನ್ನು ತಮ್ಮನ ಖಾತೆಗೆ ಕಟ್ಟುತ್ತಾನೆ. ಗುತ್ತಿಗೆ ಕರಾರು ಎರಡು ಹಾಳೆಯದು. ಊರಿನ ದರವನ್ನೇ ನಮೂದಿಸಲಾಗಿದೆ.

ಪೋಷಕರು ಪೋಷಿತ ವ್ಯಕ್ತಿಯ ಆಸ್ತಿಯನ್ನು ಮಾರಬಹುದೇ ಎಂಬ ಪ್ರಶ್ನೆ ಪದೇಪದೇ ಬರುತ್ತದೆ. ಕಾಯ್ದೆಯ 15ನೇ ಕಲಂ ಪೋಷಕರಿಗೆ ವಹಿಸಿರುವುದು ವ್ಯಕ್ತಿಯ ಮತ್ತು ಆಸ್ತಿಯ ಪಾಲನೆಯನ್ನು. ಮಾರಾಟ, ಅಡಮಾನ, ದಾನಗಳ ಅಧಿಕಾರವನ್ನು ಅದು ಹೇಳಿಲ್ಲ. ಶಸ್ತ್ರಚಿಕಿತ್ಸೆಯಂತಹ ಅನಿವಾರ್ಯ ಕಾರಣಕ್ಕೆ ಮಾರಲೇಬೇಕಾದರೆ ಸಮಿತಿಗೆ ಅಥವಾ ನ್ಯಾಯಾಲಯಕ್ಕೆ ಕಾರಣ ತಿಳಿಸಿ, ಮೊದಲು ಲಿಖಿತ ಅನುಮತಿ ಪಡೆದು ನಂತರ ಮುಂದುವರಿಯುವುದೇ ಕ್ಷೇಮ. ಖರೀದಿದಾರರು ಪೋಷಕರಿಗೆ ಸೇರಿದವರೇ ಆಗಿದ್ದರೆ 2016ರ ಕಾಯ್ದೆಯ 13ನೇ ಕಲಂ ಅಡ್ಡಬರುತ್ತದೆ: ಹಿತಾಸಕ್ತಿಯ ಸಂಘರ್ಷವಿರುವ ವ್ಯವಹಾರದಲ್ಲಿ ಬೆಂಬಲ ನೀಡುವ ವ್ಯಕ್ತಿಯು ಆ ವ್ಯವಹಾರದಿಂದ ಹಿಂದೆ ಸರಿಯತಕ್ಕದ್ದು. ರಕ್ತಸಂಬಂಧವಿದೆ ಎಂದ ಮಾತ್ರಕ್ಕೆ ಸಂಘರ್ಷವಿದೆ ಎಂದು ಭಾವಿಸುವಂತಿಲ್ಲ ಎಂದೂ ಅದೇ ಕಲಂ ಹೇಳಿದೆ. ತಾಯಿ ಪೋಷಕರಾಗಿರಬಹುದು, ಆದರೆ ಮಗನ ಪಾಲನ್ನು ಮಗನ ಪರವಾಗಿ ತಾವೇ ಸಹಿ ಮಾಡಿ ತಮಗೇ ಬರೆದುಕೊಳ್ಳುವಂತಿಲ್ಲ.

ವಾರ್ಷಿಕ ಲೆಕ್ಕ

ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ, ಅಂದರೆ ಜೂನ್ 30ರೊಳಗೆ, ಸ್ವೀಕೃತಿ, ಖರ್ಚು ಮತ್ತು ಉಳಿಕೆಯ ಲೆಕ್ಕವನ್ನು ನಮೂನೆ ‘ಡಿ’ಯಲ್ಲಿ ಸಲ್ಲಿಸತಕ್ಕದ್ದು. ಇದನ್ನು ಕೇಳಿ ಗಾಬರಿಯಾಗುವವರಿಗೆ ಒಂದು ಉದಾಹರಣೆ ತೋರಿಸುವುದು ಉಪಯುಕ್ತ. ಆರಂಭಿಕ ಶಿಲ್ಕು 6,250 ರೂಪಾಯಿ; ಜಮೀನಿನ ಗುತ್ತಿಗೆಯಿಂದ 18,000, ಹಾಲಿನ ಹಣ 9,600, ಬ್ಯಾಂಕಿನ ಬಡ್ಡಿ 412; ಒಟ್ಟು 34,262. ಖರ್ಚು: ಊಟದ ಬಾಬ್ತು 12,000, ಔಷಧಿ 7,840, ಬಟ್ಟೆ ಹಾಸಿಗೆ 3,200, ಜಿಲ್ಲಾ ಆಸ್ಪತ್ರೆಗೆ ಪ್ರಯಾಣ 1,950, ಒಟ್ಟು 24,990. ಅಂತಿಮ ಶಿಲ್ಕು 9,272. ಪಾಸ್‌ಬುಕ್ಕಿನ ಶಿಲ್ಕಿಗೆ ಇದು ತಾಳೆಯಾದರೆ ಲೆಕ್ಕ ಮುಗಿಯಿತು. ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆಯಬಲ್ಲವರು ಇದನ್ನು ಸರಾಗವಾಗಿ ಬರೆಯಬಲ್ಲರು. ಮೇಲೆ ಹೇಳಿದ ಕುಟುಂಬದಲ್ಲಿ ತಾಯಿಗೆ ಓದುಬರಹ ಬಾರದು. ಎಂಟನೆಯ ತರಗತಿಯ ಮೊಮ್ಮಗಳು ಬರೆಯುತ್ತಾಳೆ, ತಾಯಿ ಹೆಬ್ಬೆಟ್ಟು ಹಾಕುತ್ತಾರೆ.

ಇಲ್ಲಿ ಎರಡು ಎಚ್ಚರಿಕೆಗಳು. ಪೋಷಿತ ವ್ಯಕ್ತಿಯ ಹಣವನ್ನು ಮನೆಯ ಹಣದೊಡನೆ ಬೆರೆಸಬಾರದು. ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಮಾಣಪತ್ರದ ಆಧಾರದ ಮೇಲೆ ಪೋಷಕರು ಪೋಷಿತರ ಹೆಸರಿನ ಖಾತೆ ತೆರೆದು ನಿರ್ವಹಿಸಲು ರಿಸರ್ವ್ ಬ್ಯಾಂಕ್ ಅವಕಾಶ ನೀಡಿರುವುದರಿಂದ ಪ್ರತ್ಯೇಕ ಖಾತೆಗೆ ಅಡ್ಡಿಯಿಲ್ಲ. ಎರಡನೆಯದಾಗಿ, ಊಟದ ಖರ್ಚು ಬರೆಯಲು ಸಂಕೋಚಪಟ್ಟು, ಆಮೇಲೆ ಲೆಕ್ಕವಿಲ್ಲದೆ ಹಣ ತೆಗೆಯುವ ಪರಿಪಾಠ ಕೆಲವೆಡೆ ಇದೆ. ನಿಜವಾದ ಖರ್ಚನ್ನು ನಿಜವಾಗಿ ಬರೆಯುವುದರಲ್ಲಿ ಅವಮಾನವೇನೂ ಇಲ್ಲ.

ಲೆಕ್ಕಕ್ಕೆ ಬಾರದ ಕೆಲಸ

ಹಣಕಾಸಿನಷ್ಟೇ ಮುಖ್ಯವಾದದ್ದು ದಿನನಿತ್ಯದ ನಿರ್ಧಾರಗಳು: ಎಲ್ಲಿ ವಾಸ, ಯಾರೊಡನೆ, ಯಾವ ಚಿಕಿತ್ಸೆ. ಅದೇ ಕುಟುಂಬದಲ್ಲಿ ಕಿರಿಯ ಮಗನನ್ನು ಪಟ್ಟಣದ ವಸತಿ ಕೇಂದ್ರವೊಂದಕ್ಕೆ ಸೇರಿಸುವ ಆಲೋಚನೆ ಬಂದಿತ್ತು. ತಾಯಿಗೆ ವಯಸ್ಸಾಗಿದೆ, ಆಲೋಚನೆಯಲ್ಲಿ ದೋಷವಿರಲಿಲ್ಲ. ಪುನರ್ವಸತಿ ಕಾರ್ಯಕರ್ತೆಯ ಸಲಹೆಯಂತೆ ಅವನನ್ನು ಒಂದು ದಿನ ಅಲ್ಲಿಗೆ ಕರೆದೊಯ್ದು ತೋರಿಸಲಾಯಿತು. ಅಲ್ಲಿ ಅವನು ಮೊದಲು ಕೇಳಿದ್ದು ‘ಡೇರಿ ಎಲ್ಲಿ?’ ಎಂದು. ಪ್ರತಿದಿನ ಬೆಳಗ್ಗೆ ಹಾಲಿನ ಕ್ಯಾನನ್ನು ಡೇರಿಗೆ ಒಯ್ದು, ಅಳತೆಯ ಚೀಟಿಯನ್ನು ಮನೆಗೆ ತಂದುಕೊಡುವುದು ಅವನ ಕೆಲಸ. ಊರಿನಲ್ಲಿ ಅವನನ್ನು ಹೆಸರು ಹಿಡಿದು ಮಾತನಾಡಿಸುವುದೂ ಆ ಸಾಲಿನಲ್ಲಿಯೇ. ತಾಯಿ ಆ ಆಲೋಚನೆಯನ್ನು ಕೈಬಿಟ್ಟರು. ಕಾಯ್ದೆಯಲ್ಲಿ ‘ಸಮಾಲೋಚಿಸಿ’ ಎಂಬ ಪದ ಇದೆಯಲ್ಲ, ಅದರ ಅರ್ಥ ಇಷ್ಟು ಸರಳವಾದದ್ದು. ಮಾತಿನಲ್ಲಿ ಉತ್ತರ ಬಾರದಿದ್ದರೆ ಮುಖಭಾವ, ಊಟ, ನಿದ್ರೆಯಲ್ಲಿ ಬರುತ್ತದೆ. ಇಂತಹ ದೊಡ್ಡ ನಿರ್ಧಾರ ಕೈಗೊಂಡಾಗ ಅವರನ್ನು ಹೇಗೆ ಕೇಳಲಾಯಿತು, ಅವರು ಏನನ್ನು ತೋರ್ಪಡಿಸಿದರು ಎಂದು ಲೆಕ್ಕದ ಪುಸ್ತಕದ ಕೊನೆಯ ಪುಟಗಳಲ್ಲಿ ದಿನಾಂಕ ಸಹಿತ ನಾಲ್ಕು ಸಾಲು ಬರೆದಿಡುವಂತೆ ನಾವು ಪೋಷಕರಿಗೆ ಸಲಹೆ ನೀಡುತ್ತಿದ್ದೇವೆ. ಕಾನೂನು ಇದನ್ನು ಕಡ್ಡಾಯಗೊಳಿಸಿಲ್ಲ.

ಈ ನಾಲ್ಕು ವರ್ಗದವರಿಗೆ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಲಭ್ಯವಿರುವುದನ್ನೂ ಪೋಷಕರ ಗಮನಕ್ಕೆ ತರತಕ್ಕದ್ದು.

ತೆಗೆದುಹಾಕುವಿಕೆ ಮತ್ತು ಮುಂದಿನ ಪೋಷಕರು

ಪೋಷಕರು ಆ ವ್ಯಕ್ತಿಯನ್ನು ಹಿಂಸಿಸುತ್ತಿದ್ದರೆ, ಕಡೆಗಣಿಸುತ್ತಿದ್ದರೆ ಅಥವಾ ಆಸ್ತಿಯನ್ನು ದುರುಪಯೋಗ ಮಾಡುತ್ತಿದ್ದರೆ ತಂದೆತಾಯಿ, ಸಂಬಂಧಿಕರು ಅಥವಾ ನೋಂದಾಯಿತ ಸಂಸ್ಥೆ ಸಮಿತಿಗೆ ಅರ್ಜಿ ಸಲ್ಲಿಸಬಹುದು. ಸಮಿತಿಯು ಕಾರಣಗಳನ್ನು ದಾಖಲಿಸಿ ಅವರನ್ನು ತೆಗೆದುಹಾಕಬಹುದು. ತೆಗೆದುಹಾಕಲ್ಪಟ್ಟವರು ಎಲ್ಲ ಆಸ್ತಿಯನ್ನೂ ಲೆಕ್ಕವನ್ನೂ ಹೊಸ ಪೋಷಕರಿಗೆ ಒಪ್ಪಿಸತಕ್ಕದ್ದು. ಹಿಂಸೆ ನಡೆದಿದೆಯೆಂದು ಅಥವಾ ನಡೆಯುವ ಸಂಭವವಿದೆಯೆಂದು ನಂಬಲು ಕಾರಣವಿದ್ದಲ್ಲಿ ಯಾರು ಬೇಕಾದರೂ 2016ರ ಕಾಯ್ದೆಯ 7ನೇ ಕಲಂ ಅನ್ವಯ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೆ, ಅಂದರೆ ಸಾಮಾನ್ಯವಾಗಿ ತಹಶೀಲ್ದಾರರಿಗೆ, ಮಾಹಿತಿ ನೀಡಬಹುದು. ಸಂಬಂಧಿಕರೇ ಆಗಿರಬೇಕೆಂದಿಲ್ಲ. ಪಂಚಾಯಿತಿ ಸದಸ್ಯರಿಗೆ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ಇದು ತಿಳಿದಿರಬೇಕು. ಮನೆಯೊಳಗಿನ ಸಂಗತಿ ಮೊದಲು ಕಣ್ಣಿಗೆ ಬೀಳುವುದು ಅವರಿಗೇ.

ಇನ್ನು ಪೋಷಕರೇ ತೀರಿಕೊಂಡರೆ? ಪೋಷಕತ್ವವು ಜಮೀನಿನಂತೆ ಮುಂದಿನವರಿಗೆ ತಾನಾಗಿ ಇಳಿಯುವುದಿಲ್ಲ. ಉಯಿಲಿನಲ್ಲಿ ಹೆಸರು ಬರೆದಿಟ್ಟರೆ ಅದು ಇಚ್ಛೆಯನ್ನು ತಿಳಿಸಬಹುದು, ನೇಮಕ ಮಾತ್ರ ಸಮಿತಿಯಿಂದಲೇ ಆಗಬೇಕು. ತಾವು ಬದುಕಿರುವಾಗಲೇ ತಂದೆತಾಯಿ ತಮ್ಮ ಆಯ್ಕೆಯ ಬೇರೊಬ್ಬರನ್ನು ಸೂಚಿಸಿ ಅರ್ಜಿ ಸಲ್ಲಿಸಲು 14ನೇ ಕಲಂ ಅವಕಾಶ ನೀಡುತ್ತದೆ. 65 ದಾಟಿದ ಪೋಷಕರು ಇದನ್ನು ಮುಂದೂಡದಿರುವುದು ಒಳಿತು. ನಮ್ಮ ಪಂಚಾಯಿತಿಯಲ್ಲಿ ಕಾನೂನುಬದ್ಧ ಪೋಷಕರ ವಹಿಯೊಂದನ್ನು ತೆರೆದು, ಪೋಷಕರ ವಯಸ್ಸು, ಆದೇಶದ ದಿನಾಂಕ, ನಮೂನೆ ‘ಸಿ’ ಮತ್ತು ‘ಡಿ’ ಸಲ್ಲಿಸಿದ ದಿನಾಂಕ, ಮುಂದಿನ ಪೋಷಕರಾಗಲು ಒಪ್ಪಿರುವವರ ಹೆಸರು – ಇವಿಷ್ಟಕ್ಕೆ ಕಾಲಂಗಳನ್ನು ಹಾಕಲಾಗಿದೆ. ಪ್ರತಿ ವರ್ಷ ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ಪುನರ್ವಸತಿ ಕಾರ್ಯಕರ್ತೆ ಈ ವಹಿಯೊಡನೆ ಮನೆಗಳಿಗೆ ಭೇಟಿ ನೀಡುತ್ತಾರೆ. ವಹಿಯ ನಮೂನೆಯನ್ನು ಬಯಸುವ ಪಂಚಾಯಿತಿಗಳು ತಾಲ್ಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿಂದ ಪಡೆದುಕೊಳ್ಳಬಹುದು.